ಸಹಿ ನೋಡಿ ಕೈ ಗುರುತಿಸುವ ಬಗೆ: ಹಳೆಯ ಪತ್ರ, ಆಟೋಗ್ರಾಫ್, ದಸ್ತಾವೇಜು ಇಟ್ಟುಕೊಂಡವರಿಗೆ

ದಾವಣಗೆರೆಯ ದಲಾಲಿ ಅಂಗಡಿಯ ಹಳೆಯ ಖಾತೆ ಪುಸ್ತಕ, ಚಿತ್ರದುರ್ಗದ ಮನೆಯೊಂದರ ಅಟ್ಟದಲ್ಲಿ ಬಟ್ಟೆ ಸುತ್ತಿಟ್ಟ ಕ್ರಯಪತ್ರ, ಕಾಲೇಜು ಬಿಡುವಾಗ ಗೆಳೆಯರಿಂದ ಬರೆಸಿಕೊಂಡ ಆಟೋಗ್ರಾಫ್ ಪುಸ್ತಕ, ಸಾಹಿತಿಯೊಬ್ಬರು ಒಳಪುಟದಲ್ಲಿ ರುಜು ಹಾಕಿ ಕೊಟ್ಟ ಕಾದಂಬರಿ. ಇಂಥದ್ದೇನಾದರೂ ಕೈಗೆ ಬಂದಾಗ ಜನ ಕೇಳುವುದು ಹೆಚ್ಚುಕಡಿಮೆ ಮೂರು ಮಾತು: ಇದು ಅವರದೇ ಕೈಬರಹವೇ, ಯಾವ ಕಾಲದ್ದು, ಬರೆದವರು ಎಂಥ ಸ್ವಭಾವದವರು. ಮೊದಲ ಎರಡಕ್ಕೆ ತಾಳ್ಮೆಯಿಂದ ನೋಡಿದರೆ ಬಹಳಷ್ಟು ಸಲ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಅಕ್ಷರದ ಆಕಾರದಲ್ಲಿ ಉತ್ತರವಿಲ್ಲ. ಕೈಬರಹ ತೋರಿಸುವುದು ಕೈಯ ರೂಢಿಯನ್ನು. ಯಾರು ಕಲಿಸಿದರು, ಎಷ್ಟು ಬರೆದು ಪಳಗಿದೆ, ಎಷ್ಟು ವೇಗದಲ್ಲಿ ಓಡಿದೆ, ಯಾವ ಲೇಖನಿ ಹಿಡಿದಿತ್ತು, ವಯಸ್ಸೆಷ್ಟಾಗಿತ್ತು ಎಂಬುದನ್ನು. ಅಷ್ಟನ್ನು ಸರಿಯಾಗಿ ಓದಲು ಬೇಕಾದ ಕ್ರಮ ಇಲ್ಲಿದೆ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಸಾಕು. ಗಡಿಯಾರ ರಿಪೇರಿಯವರು, ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದಕ್ಕಿಂತ ಹೆಚ್ಚು ಶಕ್ತಿಯದು ಆರಂಭದಲ್ಲಿ ಬೇಡ. ಕಾಗದದ ನಾರು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಜೊತೆಗೆ ಒಂದು ಸಣ್ಣ ಬಿಳಿ ಬೆಳಕಿನ ಟಾರ್ಚು, 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚು, ಮಿಲಿಮೀಟರ್ ಗೆರೆಯ ಪ್ಲಾಸ್ಟಿಕ್ ಸ್ಕೇಲು, 2ಬಿ ಪೆನ್ಸಿಲ್, ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅತಿನೇರಳೆ ಬೆಳಕನ್ನು ನೇರ ಕಣ್ಣಿಗೆ ಬಿಟ್ಟುಕೊಳ್ಳಬೇಡಿ, ಕಾಗದದ ಮೇಲೂ ಕೆಲವು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ.

ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಕೆಲಸ ಮಾಡಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಬಟ್ಟೆಯ ಕೈಗವಸು ಹಾಕಿಕೊಂಡರೆ ಬೆರಳಿಗೆ ಕಾಗದದ ಅಂಚು ತಿಳಿಯದೆ ಹರಿಯುವುದೇ ಹೆಚ್ಚು. ನೋಡುವ ಹೊತ್ತಿನಲ್ಲಿ ಪೆನ್ನು ಮೇಜಿನ ಮೇಲೆ ಇರಕೂಡದು. ಟಿಪ್ಪಣಿ ಎಲ್ಲ ಪೆನ್ಸಿಲಿನಲ್ಲಿ.

ಫೋಟೋಗಿಂತ ಸ್ಕ್ಯಾನ್ ಉತ್ತಮ. ಪತ್ರಕ್ಕೆ 300, ಸಹಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಇಡಿ. ಕಾಗದದ ಪಕ್ಕ ಸ್ಕೇಲನ್ನೂ ಇಟ್ಟು ಸ್ಕ್ಯಾನ್ ಮಾಡಿದರೆ ಆಮೇಲೆ ಅಳತೆಯ ಗೊಂದಲ ಇರುವುದಿಲ್ಲ. ಮೊಬೈಲಿನಲ್ಲಿ ಓರೆಯಾಗಿ ಹಿಡಿದು ತೆಗೆದ ಚಿತ್ರದಲ್ಲಿ ಅಕ್ಷರದ ಬಾಗು ಬದಲಾಗುತ್ತದೆ, ಅದನ್ನು ನಂಬಿ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ.

ಹೋಲಿಸಲು ಮಾದರಿ ಕೂಡಿಸುವುದು

ಹೊಸಬರು ಎಡವುವುದು ಇಲ್ಲೇ. ಅನುಮಾನದ ಒಂದು ಸಹಿ, ಖಾತ್ರಿಯ ಒಂದು ಸಹಿ, ಎರಡನ್ನೂ ಅಕ್ಕಪಕ್ಕ ಇಟ್ಟು ತೀರ್ಪು ಕೊಟ್ಟುಬಿಡುತ್ತಾರೆ. ಒಬ್ಬನೇ ಮನುಷ್ಯ ಕೂತಲ್ಲೇ ಹತ್ತು ಸಲ ಸಹಿ ಮಾಡಿದರೂ ಹತ್ತೂ ಒಂದೇ ರೀತಿ ಬರುವುದಿಲ್ಲ. ಆ ಏರಿಳಿತದ ವ್ಯಾಪ್ತಿ ಎಷ್ಟು ಎಂಬುದು ಗೊತ್ತಿಲ್ಲದೆ ಅನುಮಾನದ ಸಹಿ ಆ ವ್ಯಾಪ್ತಿಯ ಒಳಗಿದೆಯೋ ಹೊರಗಿದೆಯೋ ಹೇಳಲಾಗದು. ಆದ್ದರಿಂದ ಖಾತ್ರಿ ಸಹಿಗಳು ಕನಿಷ್ಠ 10, ಸಾಧ್ಯವಾದರೆ 20 ಇರಲಿ.

ಎಲ್ಲಿ ಸಿಗುತ್ತವೆ? ಬ್ಯಾಂಕಿನ ಹಳೆಯ ಚೆಕ್ಕುಗಳು, ನೋಂದಾಯಿತ ಪತ್ರಗಳು, ಮಕ್ಕಳ ಶಾಲೆಯ ಪ್ರಗತಿ ಪತ್ರದಲ್ಲಿ ಪಾಲಕರ ಸಹಿ, ಸೊಸೈಟಿ ಸಾಲದ ಅರ್ಜಿ, ಕಚೇರಿಯ ಹಾಜರಿ ಪುಸ್ತಕ, ಎಪಿಎಂಸಿಯಲ್ಲಿ ಮಾಲು ಮಾರಿದಾಗಿನ ಪಟ್ಟಿಯ ಕೆಳಗಿನ ಸಹಿ. ಪ್ರಗತಿ ಪತ್ರ ವಿಶೇಷವಾಗಿ ಒಳ್ಳೆಯ ಆಕರ, ಏಕೆಂದರೆ ವರ್ಷವರ್ಷವೂ ತಾರೀಖಿನ ಸಮೇತ, ಯಾವ ಜಗಳದ ಉದ್ದೇಶವೂ ಇಲ್ಲದೆ ಮಾಡಿದ ಸಹಿ ಅದರಲ್ಲಿರುತ್ತದೆ.

ಮಾದರಿಗಳು ಅನುಮಾನದ ಕಾಗದದ ತಾರೀಖಿಗೆ ಹತ್ತಿರ ಇರಬೇಕು. ಎರಡು ಮೂರು ವರ್ಷದ ಆಚೆಈಚೆಯಾದರೆ ಚಿಂತೆಯಿಲ್ಲ. ಮೂವತ್ತರ ವಯಸ್ಸಿನ ಸಹಿಯನ್ನು ಎಪ್ಪತ್ತರ ಸಹಿಯ ಜೊತೆ ಹೋಲಿಸಿ "ಕೈ ಬೇರೆ" ಎಂದರೆ ಅದು ವಯಸ್ಸನ್ನು ಕಂಡದ್ದಷ್ಟೇ. ಕನ್ನಡ ಸಹಿಗೆ ಕನ್ನಡ ಸಹಿ, ಇಂಗ್ಲಿಷಿಗೆ ಇಂಗ್ಲಿಷ್, ಇಡೀ ಹೆಸರಿಗೆ ಇಡೀ ಹೆಸರು, ಮೊಟಕು ರುಜುವಿಗೆ ಮೊಟಕು ರುಜು. ಕನ್ನಡದಲ್ಲಿ ಸೊಗಸಾಗಿ ಬರೆಯುವವರು ಇಂಗ್ಲಿಷಿನಲ್ಲಿ ಮಗುವಿನಂತೆ ಬರೆಯಬಹುದು, ಎರಡೂ ಅವರದೇ ಕೈ.

ಬದುಕಿರುವವರಿಂದ ಎದುರಿಗೇ ಬರೆಸಿಕೊಳ್ಳುವುದಾದರೆ ಅನುಮಾನದ ಕಾಗದವನ್ನು ತೋರಿಸಬೇಡಿ. ಅದೇ ಅಳತೆಯ ಕಾಗದ, ಅದೇ ಬಗೆಯ ಪೆನ್ನು ಕೊಡಿ. ಒಂದೊಂದು ಸಹಿಗೆ ಒಂದೊಂದು ಚೀಟಿ ಕೊಟ್ಟು, ಮುಗಿದ ಚೀಟಿಯನ್ನು ಕಣ್ಣಿನಿಂದ ಮರೆ ಮಾಡಿ. ಮಧ್ಯೆ ಬೇರೆ ಮಾತು ಉಕ್ತಲೇಖನ ಹೇಳಿ ಬರೆಸಿ. ಬೇಕೆಂದೇ ಕೈ ತಿರುಚುವವರು ಮೊದಲ ನಾಲ್ಕೈದು ಚೀಟಿಗಳಲ್ಲಿ ಹಿಡಿತ ಇಟ್ಟುಕೊಂಡಿರುತ್ತಾರೆ. ಹೆಚ್ಚು ಬರೆಸಿದಷ್ಟೂ ಸಹಜ ಕೈ ತಾನಾಗಿ ಹೊರಬರುತ್ತದೆ.

ಕನ್ನಡ ಅಕ್ಷರದಲ್ಲಿ ಎಲ್ಲೆಲ್ಲಿ ಕಣ್ಣಿಡಬೇಕು

ಕೈಬರಹ ಪರೀಕ್ಷೆಯ ಪಾಠಗಳು ಹೆಚ್ಚಾಗಿ ರೋಮನ್ ಲಿಪಿಗೆ ಹುಟ್ಟಿದವು. ಅಲ್ಲಿ ಪದದ ನಡುವೆ ಪೆನ್ನು ಎತ್ತಿದರೆ ಅನುಮಾನ ಪಡುತ್ತಾರೆ. ಕನ್ನಡಕ್ಕೆ ಆ ಸೂತ್ರ ಹಾಗೇ ಹೊಂದುವುದಿಲ್ಲ. ನಮ್ಮಲ್ಲಿ ಒಂದು ಅಕ್ಷರ ಮುಗಿಸಿ ಪೆನ್ನೆತ್ತಿ ಮುಂದಿನದಕ್ಕೆ ಹೋಗುವುದೇ ಸಹಜ. ನೋಡಬೇಕಾದದ್ದು ಅಕ್ಷರದ ಒಳಗೆ ಪೆನ್ನು ಎಲ್ಲಿ ಎದ್ದಿದೆ ಎಂಬುದನ್ನು. "ವ"ದ ಹೊಟ್ಟೆಯ ನಡುವೆ, "ಕ"ದ ತಿರುವಿನ ಮಧ್ಯೆ ಪೆನ್ನು ನಿಂತು ಮತ್ತೆ ಹೊರಟ ಗುರುತಿದ್ದರೆ ಆಗ ಹುಷಾರಾಗಬೇಕು.

ತಲೆಕಟ್ಟಿನಿಂದ ಆರಂಭಿಸಿ. ಕೆಲವರು ಅಕ್ಷರ ಬರೆದು ಆಮೇಲೆ ತಲೆಕಟ್ಟು ಇಡುತ್ತಾರೆ, ಕೆಲವರು ತಲೆಕಟ್ಟಿನಿಂದಲೇ ಇಳಿಯುತ್ತಾರೆ, ಇನ್ನು ಕೆಲವರು ಪೆನ್ನೆತ್ತದೆ ಎರಡನ್ನೂ ಒಂದೇ ಓಟದಲ್ಲಿ ಮುಗಿಸುತ್ತಾರೆ. ಅದು ಅಕ್ಷರಕ್ಕೆ ಅಂಟಿದೆಯೋ, ತೇಲುತ್ತಿದೆಯೋ, ಬಲತುದಿ ಮೇಲಕ್ಕೆ ಏರುತ್ತದೋ, ಕೊಕ್ಕಿಯಾಗುತ್ತದೋ. ಒಂದು ಸಾಲಿನ ತಲೆಕಟ್ಟುಗಳ ಮೇಲೆ ಸ್ಕೇಲಿಟ್ಟರೆ ಬರೆದವರ ಸಾಲು ಮೇಲೇರುತ್ತದೋ, ಇಳಿಯುತ್ತದೋ ಅಂದಾಜು ಸಿಗುತ್ತದೆ. ಗೆರೆಯಿಲ್ಲದ ಕಾಗದದಲ್ಲಿ ಮಾತ್ರ ಇದಕ್ಕೆ ಬೆಲೆ.

ಆಮೇಲೆ ಒತ್ತಕ್ಷರ. ಕನ್ನಡ ಕೈಬರಹದಲ್ಲಿ ಬರೆದವರನ್ನು ಅತಿ ಹೆಚ್ಚು ಬಿಟ್ಟುಕೊಡುವುದು ಇದೇ ಎಂಬುದು ನಮ್ಮ ಅಭಿಪ್ರಾಯ. ಮೂಲ ಅಕ್ಷರಕ್ಕೆ ಹೋಲಿಸಿದರೆ ಒತ್ತು ಎಷ್ಟು ದೊಡ್ಡದು, ನೇರ ಕೆಳಗೆ ಕೂರುತ್ತದೋ ಬಲಕ್ಕೆ ಸರಿಯುತ್ತದೋ, ತಾಗುತ್ತದೋ ಇಲ್ಲವೋ, ಮೂಲ ಅಕ್ಷರದಿಂದ ಪೆನ್ನೆತ್ತದೆ ಇಳಿದಿದೆಯೋ. ಬೇರೆಯವರ ಕೈಯನ್ನು ಅನುಕರಿಸುವವರು ದೊಡ್ಡ ಅಕ್ಷರದ ಆಕಾರಕ್ಕೆ ಗಮನ ಕೊಡುತ್ತಾರೆ. ಒತ್ತಕ್ಷರ ಬರೆಯುವಾಗ ತಮ್ಮದೇ ರೂಢಿಗೆ ಜಾರಿಬಿಡುತ್ತಾರೆ.

ಸೊನ್ನೆ ಮತ್ತು "ರ", "ಠ"ಗಳ ದುಂಡು ಯಾವ ಕಡೆಯಿಂದ ತಿರುಗಿದೆ ಎಂಬುದು ಕೈಗೆ ಅಂಟಿಕೊಂಡ ಅಭ್ಯಾಸ, ಬದಲಾಗುವುದು ಕಡಿಮೆ. ಬರಿಗಣ್ಣಿಗೆ ದಿಕ್ಕು ಕಾಣದು. ಬಾಲ್ ಪೆನ್ನಾದರೆ ಲೂಪಿನಲ್ಲಿ ಎರಡು ಗುರುತು ಸಿಗುತ್ತವೆ: ತಿರುವು ದಾಟಿದ ಸ್ವಲ್ಪ ಮುಂದೆ ಇಂಕಿನ ಸಣ್ಣ ಗುಪ್ಪೆ ಬಿದ್ದಿರುತ್ತದೆ, ಗೆರೆಯೊಳಗೆ ಇಂಕು ಹತ್ತದೆ ಉಳಿದ ಬಿಳಿ ಎಳೆಗಳು ತಿರುವಿನ ಒಳಬದಿಯಿಂದ ಹೊರಬದಿಗೆ, ಪೆನ್ನು ಸಾಗಿದ ದಿಕ್ಕಿನಲ್ಲೇ ಓಡುತ್ತವೆ. ಎರಡೂ ಸೇರಿದರೆ ದಿಕ್ಕು ಖಚಿತ. ಇಂಕ್ ಪೆನ್ನಿನಲ್ಲಿ ಒತ್ತಿದ ಕಡೆ ನಿಬ್ಬಿನ ಎರಡು ಕವಲು ಅಗಲಿ ಗೆರೆ ದಪ್ಪವಾಗುತ್ತದೆ, ಅಂಚಿನಲ್ಲಿ ಎರಡು ಗಾಢ ಹಳಿಗಳು ಕಾಣುತ್ತವೆ. ಎಲ್ಲಿ ಒತ್ತಿದ್ದಾರೆ, ಎಲ್ಲಿ ಹಗುರಾಗಿ ಹಾರಿದ್ದಾರೆ ಎಂಬ ಲಯ ಅದರಿಂದ ತಿಳಿಯುತ್ತದೆ.

ಮಹಾಪ್ರಾಣದ ಹೊಟ್ಟೆ ಸೀಳುವ ಗೆರೆ, ಗುಡಿಸಿನ ಸುರುಳಿ, ದೀರ್ಘದ ಬಾಲ, ಕೊಂಬಿನ ತುದಿ, ವಟ್ರಸುಳಿ ಇವುಗಳ ಓರೆಯನ್ನೂ ಉದ್ದವನ್ನೂ ಅಳೆಯಿರಿ. ಕನ್ನಡದ ದುಂಡಕ್ಷರಗಳಲ್ಲಿ ಬಾಗು ಅಳೆಯಲು ನೆಟ್ಟಗೆ ನಿಂತ ಗೆರೆಗಳು ಕಡಿಮೆ, ಹಾಗಾಗಿ ಇವೇ ಆಧಾರ. "ರ್" ಬಂದಾಗ ಅರ್ಕಾವತ್ತು ಹಾಕುತ್ತಾರೋ, "ರ" ಬರೆದು ಕೆಳಗೆ ಒತ್ತು ಕೊಡುತ್ತಾರೋ ಗಮನಿಸಿ. "ವರ್ಷ", "ಸೂರ್ಯ", "ಕಾರ್ಯ" ಎಂಬ ಪದಗಳಲ್ಲಿ ಹುಡುಕಿ.

ಹಳೆಯ ಕಾಗದಗಳಲ್ಲಿ ಸಂಕ್ಷೇಪಗಳು ಚಿನ್ನದಂಥ ಆಧಾರ. "ತಾ॥", "ರೂ॥", "ಮ॥ರಾ॥" ಎಂದು ಬರೆಯುವಾಗ ಆ ಜೋಡಿಗೆರೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಎಳೆಯುತ್ತಾರೆ. ಒಬ್ಬರದು ಎರಡು ನೆಟ್ಟ ಗೆರೆ, ಇನ್ನೊಬ್ಬರದು ಪೆನ್ನೆತ್ತದ ಕೊಕ್ಕಿ. ಇದನ್ನು ನಕಲು ಮಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಅದಕ್ಕೇ ಇದಕ್ಕೆ ಅಷ್ಟು ತೂಕ. ಕನ್ನಡ ಅಂಕಿಗಳಲ್ಲಿ ೬ ಮತ್ತು ೭ ಅವಸರದ ಕೈಯಲ್ಲಿ ಒಂದರಂತೆ ಒಂದು ಕಾಣುತ್ತವೆ. ಖಾತೆ ಪುಸ್ತಕ ಓದುವಾಗ ಅದೇ ಪುಟದ ಮೊತ್ತ ಕೂಡಿಸಿ ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಪತ್ರದ ಮೊದಲ ಸಾಲಿನ "ಉಭಯ ಕುಶಲೋಪರಿ ಸಾಂಪ್ರತ" ನೂರಾರು ಸಲ ಬರೆದು ರೂಢಿಯಾದ ಮಾತು, ಕೈ ಅಲ್ಲಿ ಯೋಚಿಸದೆ ಓಡುತ್ತದೆ. ಸಹಜ ವೇಗದ ಬರಹ ಬೇಕೆಂದರೆ ಆ ಸಾಲನ್ನೇ ಹೋಲಿಕೆಗೆ ತೆಗೆದುಕೊಳ್ಳಿ.

ಉದಾಹರಣೆಗೆ "ಬಸವರಾಜಪ್ಪ" ಎಂಬ ಸಹಿ. ಅವಸರದಲ್ಲಿ "ಸವರಾ" ಕರಗಿ ಒಂದು ಅಲೆಯಾಗಿಬಿಡುತ್ತದೆ, "ಪ್ಪ"ದ ಒತ್ತು ಕೆಳಗಿಳಿದು ಎಡಕ್ಕೆ ಹರಿದು ಇಡೀ ಹೆಸರಿಗೆ ಅಡಿಗೆರೆಯಾಗುತ್ತದೆ. ಕೇಳಬೇಕಾದ ಪ್ರಶ್ನೆ: ಅಡಿಗೆರೆ ಒತ್ತಿನಿಂದಲೇ ಹೊರಟಿದೆಯೇ, ಪ್ರತ್ಯೇಕವಾಗಿ ಎಳೆದದ್ದೇ? ಅಸಲಿಯಲ್ಲಿ ಒಂದೇ ಓಟವಾಗಿದ್ದು ಅನುಮಾನದ್ದರಲ್ಲಿ ಎರಡು ತುಂಡಾಗಿದ್ದರೆ, ಆ ಸಹಿ ಮಾಡಿದವರು ಚಿತ್ರ ನೋಡಿದ್ದಾರೆ, ಚಲನೆ ನೋಡಿಲ್ಲ.

ನೋಡಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಸ್ಕ್ಯಾನುಗಳನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ, ಪ್ರತಿ ಅಕ್ಷರವನ್ನು ಕತ್ತರಿಸಿ, ಒಂದು ಅಕ್ಷರಕ್ಕೆ ಒಂದು ಸಾಲಿನಂತೆ ಅಂಟಿಸಿ. ಖಾತ್ರಿಯವು ಎಡದಿಂದ ತಾರೀಖಿನ ಕ್ರಮದಲ್ಲಿ, ಅನುಮಾನದ್ದು ಬಲತುದಿಗೆ. "15ರಲ್ಲಿ 12 ಕಡೆ ತಲೆಕಟ್ಟು ಅಂಟಿದೆ, 3 ಕಡೆ ಬಿಟ್ಟಿದೆ" ಎಂಬಂತೆ ಸಾಲಿನ ಕೊನೆಗೆ ಬರೆಯಿರಿ. ಅನುಮಾನದ್ದರಲ್ಲಿ ತಲೆಕಟ್ಟು ಬಿಟ್ಟಿದ್ದರೆ ಅದು ವ್ಯಾಪ್ತಿಯೊಳಗಿನ ವಿಷಯ, ಅದಕ್ಕೆ ಅಂಥ ಬೆಲೆಯಿಲ್ಲ.

ಶಾಲೆಯ ಕೈ, ಸ್ವಂತ ಕೈ

ಒಂದೇ ಕಾಲದಲ್ಲಿ ಒಂದೇ ಬಗೆಯ ಕಾಪಿ ಪುಸ್ತಕ ತಿದ್ದಿದವರೆಲ್ಲರ ಅಕ್ಷರಕ್ಕೂ ಒಂದು ಸಾಮಾನ್ಯ ಚಹರೆ ಇರುತ್ತದೆ. ಅದು ತರಬೇತಿಯ ಗುರುತು, ವ್ಯಕ್ತಿಯ ಗುರುತಲ್ಲ. ಇಬ್ಬರು ಅಣ್ಣತಮ್ಮಂದಿರ ಅಕ್ಷರ ಹೋಲುವುದು ಬಹುಮಟ್ಟಿಗೆ ಇದರಿಂದಲೇ. ಒಬ್ಬರ ಕೈ ಇದು ಎಂದು ಹೇಳಬೇಕಾದರೆ ಆ ಸಾಮಾನ್ಯ ಚಹರೆಯಿಂದ ಬೇರೆಯಾಗಿ ನಿಂತ, ಮತ್ತೆ ಮತ್ತೆ ಬರುವ ವಿಶೇಷಗಳು ಬೇಕು.

ತರಬೇತಿಯ ಗುರುತು ಎಷ್ಟು ಗಟ್ಟಿ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲೇ ಬಹಳ ಹಳೆಯ ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಎಡದಿಂದ ಬಲಕ್ಕೆ ಓಡುವ ಬ್ರಾಹ್ಮಿಯಲ್ಲಿದ್ದು, ತನ್ನ ವೃತ್ತಿ ಹೇಳುವ "ಲಿಪಿಕರ" ಎಂಬ ಪದ ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿದೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಉಪಖಂಡದ ವಾಯವ್ಯ ಮೂಲೆಯಲ್ಲಿ. ಈತ ಆ ಕಡೆಯವನು, ಇಲ್ಲವೇ ಆ ಕಡೆ ಲಿಪಿ ಕಲಿತವನು ಎಂದು ವಿದ್ವಾಂಸರು ತರ್ಕಿಸುವುದು ಆ ಒಂದು ಪದದಿಂದ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಬಂಡೆಯ ಮೇಲೆ ಬಿದ್ದ ಈ ಗುರುತಿನಿಂದ ಅವನ ಕಲಿಕೆ ಗೊತ್ತಾಗುತ್ತದೆ; ಅವನು ಮುಂಗೋಪಿಯೋ ಶಾಂತನೋ ಗೊತ್ತಾಗುವುದಿಲ್ಲ. ದುರ್ಗದ ಕಡೆಯವರು ಅಶೋಕ ಸಿದ್ದಾಪುರಕ್ಕೆ ಹೋದಾಗ ಶಾಸನದ ಕೊನೆಯ ಸಾಲನ್ನು ಬಿಡದೆ ನೋಡಬೇಕು.

ನಕಲಿಯ ಲಕ್ಷಣ

ಮೊದಲು ಅದು ಪೆನ್ನಿನಿಂದಾದ ಸಹಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಝೆರಾಕ್ಸಿನ ಸಹಿಯಲ್ಲಿ ಕಪ್ಪು ಪುಡಿ ಕಾಗದದ ಮೇಲೆ ಕುಳಿತು ಲೂಪಿನಲ್ಲಿ ಹೊಳೆಯುತ್ತದೆ, ಕಾಗದ ಒತ್ತಿರುವುದಿಲ್ಲ. ಕಂಪ್ಯೂಟರ್ ಪ್ರಿಂಟಾದರೆ ಬಣ್ಣಬಣ್ಣದ ಚುಕ್ಕಿಗಳು. ಪುಸ್ತಕದ ಮುನ್ನುಡಿಯ ಕೆಳಗೆ ಅಚ್ಚಾದ ಸಹಿ ಎಲ್ಲ ಪ್ರತಿಗಳಲ್ಲೂ ಒಂದೇ ಜಾಗದಲ್ಲಿರುತ್ತದೆ. ರಬ್ಬರ್ ಮೊಹರಿನ ಸಹಿಯಲ್ಲಿ ಇಂಕು ಅಂಚಿಗೆ ಹಿಂಡಿಕೊಂಡು ನಡುವೆ ತೆಳುವಾಗುತ್ತದೆ. ಮಂತ್ರಿಗಳ, ಅಧಿಕಾರಿಗಳ ಶುಭಾಶಯ ಪತ್ರಗಳಲ್ಲಿ ಮೊಹರು ಅಥವಾ ಆಪ್ತಸಹಾಯಕರ ಕೈ ಇರುವ ಸಾಧ್ಯತೆಯನ್ನು ಯಾವಾಗಲೂ ಲೆಕ್ಕಕ್ಕೆ ಹಿಡಿಯಿರಿ.

ಅಡಿಯಲ್ಲಿ ಅಸಲಿ ಇಟ್ಟು, ಕಿಟಕಿಯ ಗಾಜಿನ ಮೇಲೆ ಅಥವಾ ಕಾರ್ಬನ್ನಿನಿಂದ ಎಳೆದ ನಕಲಿನ ಗೆರೆ ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪ ಇರುತ್ತದೆ. ತುದಿಗಳು ಮೊಂಡು. ಸಹಜ ಸಹಿಯಲ್ಲಿ ಪೆನ್ನು ಕಾಗದ ಮುಟ್ಟುವ ಮೊದಲೇ ಕೈ ಚಲಿಸುತ್ತಿರುತ್ತದೆ, ಬಿಟ್ಟ ಮೇಲೂ ಚಲಿಸುತ್ತದೆ, ಅದಕ್ಕೆ ತುದಿ ಚೂಪಾಗುತ್ತದೆ. ಟಾರ್ಚನ್ನು ಕಾಗದದ ಮಟ್ಟಕ್ಕೆ ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹಿಡಿದರೆ ಇಂಕಿನ ಗೆರೆಯ ಪಕ್ಕ ಇಂಕಿಲ್ಲದ ಒತ್ತುಗೆರೆ ಕಾಣಬಹುದು: ಮೊದಲು ಒಣ ಮೊನೆಯಿಂದ ಒತ್ತಿ ಆಮೇಲೆ ಇಂಕು ತುಂಬಿದ್ದಕ್ಕೆ ಅದು ಸಾಕ್ಷಿ. ಪೆನ್ಸಿಲ್ ಪುಡಿ ಉಜ್ಜಿ ಒತ್ತುಗೆರೆ ಎಬ್ಬಿಸುವ ಪ್ರಯೋಗ ಮೂಲ ಕಾಗದದ ಮೇಲೆ ಎಂದೂ ಬೇಡ. ಖಾತ್ರಿ ಸಹಿಯೊಂದರ ಮೇಲೆ ಅನುಮಾನದ್ದನ್ನು ಪಾರದರ್ಶಕ ಹಾಳೆಯಲ್ಲಿ ಇಟ್ಟಾಗ ಕೂದಲೆಳೆಯೂ ಆಚೀಚೆಯಾಗದೆ ಕೂತರೆ, ಅದು ಅಸಲಿಗೆ ಸಾಕ್ಷಿಯಲ್ಲ, ಎಳೆದದ್ದು ಎಂಬುದಕ್ಕೆ ಸಾಕ್ಷಿ.

ನೋಡಿಕೊಂಡು ಕೈಯಿಂದ ಅನುಕರಿಸಿದ ಸಹಿಯಲ್ಲಿ ಆಕಾರ ಹತ್ತಿರ ಬಂದಿರುತ್ತದೆ, ಓಟ ಬಂದಿರುವುದಿಲ್ಲ. ತಿರುವಿನಲ್ಲಿ ತಡವರಿಕೆ, ಗೆರೆಯ ಮೇಲೆ ತಿದ್ದಿದ ಗೆರೆ, ಅನಗತ್ಯ ಜಾಗದಲ್ಲಿ ಪೆನ್ನು ನಿಂತು ಮೂಡಿದ ಚುಕ್ಕಿ.

ವಯಸ್ಸಾದವರ ಕೈನಡುಕವನ್ನು ಇದರೊಂದಿಗೆ ಬೆರೆಸಬಾರದು. ಆಸ್ತಿ ಜಗಳಗಳಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ಇಲ್ಲಿ. ಮುಪ್ಪಿನ ನಡುಕಕ್ಕೆ ಒಂದು ಲಯ ಇರುತ್ತದೆ, ಸಹಿಯ ಉದ್ದಕ್ಕೂ ಹರಡಿರುತ್ತದೆ, ನಡುನಡುವೆ ಹಳೆಯ ರೂಢಿಯ ಒಂದೆರಡು ಗೆರೆ ಧೈರ್ಯವಾಗಿ ಓಡಿರುತ್ತವೆ, ತಪ್ಪಿದ್ದನ್ನು ತಿದ್ದುವ ಗೋಜಿಗೆ ಹೋಗಿರುವುದಿಲ್ಲ. ನಕಲಿನ ನಡುಕ ಕಷ್ಟದ ತಿರುವುಗಳಲ್ಲಿ ಹೆಚ್ಚು, ಸುಲಭದ ಕಡೆ ಇಲ್ಲವೇ ಇಲ್ಲ, ಮೇಲಾಗಿ ತಿದ್ದಿರುತ್ತಾರೆ. ಮಲಗಿದಲ್ಲೇ ಮಾಡಿದ ಸಹಿ, ತೊಡೆಯ ಮೇಲೆ ಕಾಗದ ಇಟ್ಟು ಮಾಡಿದ ಸಹಿ, ಕಾಯಿಲೆಯ ನಂತರದ ಸಹಿ ಇವೂ ಕೆಡುತ್ತವೆ. ಮನೆಯ ಹಿರಿಯರ ಅಕ್ಷರ ತಿಂಗಳುಗಳಲ್ಲೇ ಸಣ್ಣದಾಗುತ್ತಾ, ಸಾಲಿನ ಕೊನೆಗೆ ಹೋದಂತೆ ಇನ್ನೂ ಕುಗ್ಗುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಹೀಗಾಗುವುದುಂಟು.

ಸಹಿ ಅಸಲಿಯಾಗಿದ್ದೂ ಪತ್ರ ಮೋಸದ್ದಾಗಿರಬಹುದು. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ಆಮೇಲೆ ಸಾಲದ ಮಾತು ತುಂಬಿದ ಕಾಗದದಲ್ಲಿ ಸಹಿಯ ಹತ್ತಿರ ಬಂದಂತೆ ಸಾಲುಗಳು ಇಕ್ಕಟ್ಟಾಗುತ್ತವೆ, ಅಕ್ಷರ ಸಹಿಯನ್ನು ತಪ್ಪಿಸಿ ಬಾಗುತ್ತದೆ. ಮಡಿಕೆ ನೋಡಿ: ಮಡಚಿದ ಮೇಲೆ ಬರೆದಿದ್ದರೆ ಮುರಿದ ನಾರಿನೊಳಗೆ ಇಂಕು ಹೀರಿ ಹರಡಿರುತ್ತದೆ. ಹೆಬ್ಬೆಟ್ಟಿನ ಗುರುತು ಬೇರೆಯದೇ ವಿದ್ಯೆ, ಅದನ್ನು ಬೆರಳಚ್ಚು ತಜ್ಞರಿಗೆ ಬಿಡಿ.

ತೀರ್ಮಾನವನ್ನು ಐದು ಮಾತಿನಲ್ಲಿ ಯಾವುದಾದರೊಂದರಲ್ಲಿ ಬರೆಯಿರಿ: ಅವರದೇ, ಬಹುಶಃ ಅವರದು, ಹೇಳಲಾಗದು, ಬಹುಶಃ ಅಲ್ಲ, ಖಂಡಿತ ಅಲ್ಲ. ಹತ್ತು ಹೋಲಿಕೆಗಳಿದ್ದರೂ ಕಾರಣ ಕೊಡಲಾಗದ ಒಂದು ಮೂಲಭೂತ ವ್ಯತ್ಯಾಸ ಉಳಿದರೆ "ಅವರದೇ" ಎನ್ನುವಂತಿಲ್ಲ. "ಹೇಳಲಾಗದು" ಎಂಬುದು ಗೌರವದ ಉತ್ತರ.

ಕಾಲ ಹಿಡಿಯುವುದು

ಅಕ್ಷರಕ್ಕಿಂತ ಮೊದಲು ಕಾಗದ ಸುಳ್ಳು ಬಿಚ್ಚಿಡುತ್ತದೆ. 1957ರ ಏಪ್ರಿಲ್ 1ಕ್ಕೆ ಮೊದಲು ಆಣೆಯ ಲೆಕ್ಕ. ಆಮೇಲೆ ನಯಾ ಪೈಸೆ, 1964ರಿಂದ ಬರೀ ಪೈಸೆ. 1955ರ ಪ್ರೋನೋಟಿನ ಮೇಲೆ ಪೈಸೆಯ ರೆವಿನ್ಯೂ ಸ್ಟಾಂಪು ಇರಲಾರದು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ ದಾವಣಗೆರೆಯ 577001 ಅಥವಾ ಚಿತ್ರದುರ್ಗದ 577501 ಇದ್ದರೆ ಪತ್ರ ಅದರ ನಂತರದ್ದು. "ಕರ್ನಾಟಕ ಸರ್ಕಾರ" ಎಂಬ ತಲೆಬರಹ 1973ರ ನವೆಂಬರ್ 1ರಿಂದ ಈಚೆಗೆ, ಅದಕ್ಕೆ ಮೊದಲು ಮೈಸೂರು ಸರ್ಕಾರ. "ದಾವಣಗೆರೆ ಜಿಲ್ಲೆ" ಎಂದು ಬರೆದಿದ್ದರೆ 1997ರ ಆಗಸ್ಟ್ 15ರ ನಂತರ. ಅಲ್ಲಿಯವರೆಗೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು.

ಬಾಲ್ ಪೆನ್ನಿಗೆ ಲಾಸ್ಲೋ ಬೀರೋ ಪೇಟೆಂಟ್ ಪಡೆದದ್ದು 1938ರಲ್ಲಿ, ಮಾರುಕಟ್ಟೆಗೆ ಬಂದದ್ದು ನಲವತ್ತರ ದಶಕದಲ್ಲಿ. 1935ರ ಪತ್ರದಲ್ಲಿ ಅದರ ಗುಪ್ಪೆ ಕಂಡರೆ ಆ ತಾರೀಖು ಸುಳ್ಳು, ಪ್ರಶ್ನೆಯೇ ಇಲ್ಲ. ಜೆಲ್ ಪೆನ್ನು 1984ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು. ಅತಿನೇರಳೆ ಬೆಳಕಿನಲ್ಲಿ ಕಾಗದ ನೀಲಿಬಿಳುಪಾಗಿ ಹೊಳೆದರೆ ಅದಕ್ಕೆ ಬಿಳುಪುಕಾರಕ ಸೇರಿದೆ, 1950ಕ್ಕಿಂತ ಹಿಂದಿನದಾಗಿರುವುದು ಅನುಮಾನ. ಹೊಳೆಯದಿದ್ದರೆ ಹಳೆಯದೆಂದು ಮಾತ್ರ ತಿಳಿಯಬೇಡಿ, ಇಂದಿಗೂ ಹೊಳೆಯದ ಕಾಗದ ತಯಾರಾಗುತ್ತದೆ.

ಪ್ರಸಿದ್ಧರ ಸಹಿಗೆ ಅವರ ಬದುಕಿನ ತಾರೀಖುಗಳೇ ಮೊದಲ ಜರಡಿ. ತ.ರಾ.ಸು. ಬದುಕಿದ್ದು 1920ರಿಂದ 1984ರವರೆಗೆ, ಎಸ್. ನಿಜಲಿಂಗಪ್ಪ 1902ರಿಂದ 2000ದವರೆಗೆ, ಸಾಹಿತಿ ಬೆಳಗೆರೆ ಕೃಷ್ಣಶಾಸ್ತ್ರಿ 1916ರಿಂದ 2013ರವರೆಗೆ. ಸಹಿ ಇರುವ ಪುಸ್ತಕ ಯಾವ ಮುದ್ರಣ ಎಂದು ನೋಡಿ. ಲೇಖಕರು ತೀರಿಕೊಂಡ ಮೇಲೆ ಅಚ್ಚಾದ ಮುದ್ರಣದಲ್ಲಿ ಅವರ "ಅಸಲಿ" ಸಹಿ ಮಾರುವವರಿದ್ದಾರೆ. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದದ್ದು 1956–58 ಮತ್ತು 1962–68ರಲ್ಲಿ; ಆ ಹುದ್ದೆಯ ಕಾಗದದ ಮೇಲೆ 1960ರ ತಾರೀಖಿದ್ದರೆ ನಿಂತು ಯೋಚಿಸಿ.

ಸ್ವಭಾವ ಓದುವ ಮಾತು

ಸಾಲು ಮೇಲೇರಿದರೆ ಆಶಾವಾದಿ, ದೊಡ್ಡ ಸಹಿಯಾದರೆ ಅಹಂಕಾರಿ ಎಂದು ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಈ ಕಲ್ಪನೆ ಹೊಸದಲ್ಲ. ಇಟಲಿಯ ಕಮಿಲ್ಲೊ ಬಾಲ್ಡಿ 1622ರಲ್ಲೇ ಇದರ ಬಗ್ಗೆ ಬರೆದ. ಆದರೆ ನಿಯಂತ್ರಿತ ಪರೀಕ್ಷೆಗಳಲ್ಲಿ ಇದು ನಿಂತಿಲ್ಲ. ಎಲ್ಲರೂ ಒಂದೇ ಮಾತನ್ನು ನಕಲು ಮಾಡಿದ ಹಾಳೆಗಳನ್ನು ಕೊಟ್ಟಾಗ ಸ್ವಭಾವ ಊಹಿಸುವ ಶಕ್ತಿ ಮಾಯವಾಗುತ್ತದೆ. ಸ್ವಂತ ವಿಷಯ ಬರೆದ ಹಾಳೆಯಲ್ಲಿ ಸರಿಯಾದಂತೆ ಕಾಣುವುದು ಆ ಮಾತುಗಳನ್ನು ಓದಿದ್ದರಿಂದ.

ಹಾಗಾದರೆ "ನನ್ನ ಬಗ್ಗೆ ಸರಿಯಾಗಿ ಹೇಳಿದರಲ್ಲ" ಎಂದು ಅನಿಸುವುದೇಕೆ? 1948ರಲ್ಲಿ ಮನೋವಿಜ್ಞಾನಿ ಬರ್ಟ್ರಂ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸಿ, ಫಲಿತಾಂಶವೆಂದು ಎಲ್ಲರಿಗೂ ಒಂದೇ ಬರಹ ಕೊಟ್ಟ. ಅದು ತಮಗೆ ಎಷ್ಟು ಒಪ್ಪುತ್ತದೆ ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ನೀವೂ ಪರೀಕ್ಷಿಸಬಹುದು: ಗುರುತಿರುವ ಹತ್ತು ಜನರಿಂದ ರಾಗಿ ಮುದ್ದೆ ಮಾಡುವ ವಿಧಾನದ ಒಂದೇ ಹತ್ತು ಸಾಲನ್ನು ಬರೆಸಿ, ಹೆಸರು ತೆಗೆದು ಸಂಖ್ಯೆ ಹಾಕಿ, ಅಕ್ಷರ ಓದುವವರಿಗೆ ಕೊಡಿ. ಅವರು ಬರೆದ ಹತ್ತು ವರ್ಣನೆಗಳನ್ನು ಆ ಹತ್ತು ಜನರ ಮುಂದೆ ಕಲಸಿ ಇಟ್ಟು, ತಮ್ಮದನ್ನು ಆರಿಸಲು ಹೇಳಿ. ಮದುವೆ ಸಂಬಂಧಕ್ಕೋ ನೌಕರಿಗೋ ಯಾರನ್ನಾದರೂ ಅಕ್ಷರ ನೋಡಿ ತಳ್ಳಿಹಾಕುವುದು ಅನ್ಯಾಯ.

ಆಟೋಗ್ರಾಫ್ ಪಡೆಯುವಾಗ, ಇಡುವಾಗ

100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮೇಲ್ಪಟ್ಟ ನಯವಲ್ಲದ ಕಾಗದ, ನೀರಿಗೆ ಕರಗದ ಪಿಗ್ಮೆಂಟ್ ಇಂಕಿನ 0.5 ಪೆನ್ನು ಒಯ್ಯಿರಿ. ಹೊಳಪಿನ ಹಾಳೆಯಲ್ಲಿ ಜೆಲ್ ಒಣಗುವುದು ತಡ, ಮುಚ್ಚಿದ ಕೂಡಲೇ ಎದುರು ಪುಟಕ್ಕೆ ಅಂಟುತ್ತದೆ. ಸ್ಕೆಚ್ ಪೆನ್ನು ಬೆಳಕಿಗೆ ಬೇಗ ಮಾಸುತ್ತದೆ. ಕೆಳಗೆ ಗಟ್ಟಿ ರಟ್ಟು ಹಿಡಿದುಕೊಡಿ, ಗಾಳಿಯಲ್ಲಿ ಹಿಡಿದ ಪುಸ್ತಕಕ್ಕೆ ಬರುವ ಸಹಿ ಅವರ ನಿಜವಾದ ಸಹಿಯಲ್ಲ. ಒಂದು ನಿಮಿಷ ಆರಲು ಬಿಡಿ. ಊರು, ಸಂದರ್ಭ, ತಾರೀಖನ್ನು ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಹಗುರಾಗಿ ಬರೆಯಿರಿ. ಸಮಾರಂಭದ ಆಹ್ವಾನ ಪತ್ರಿಕೆಯನ್ನೂ ಜೊತೆಗಿಡಿ. ಮುಂದೊಂದು ದಿನ ಸಹಿಯ ಅಸಲಿತನಕ್ಕೆ ಈ ಎರಡು ಎಷ್ಟೋ ಸಲ ಅಕ್ಷರಕ್ಕಿಂತ ಗಟ್ಟಿ ಆಧಾರವಾಗುತ್ತವೆ.

ಲ್ಯಾಮಿನೇಶನ್ ಮಾಡಿಸಬೇಡಿ: ಬಿಸಿಗೆ ಇಂಕು ಕೆಡುತ್ತದೆ, ಪ್ಲಾಸ್ಟಿಕ್ ಮತ್ತೆ ಬಿಡಿಸಲಾಗದು, ಅದರೊಳಗಿನ ಸಹಿಯ ಒತ್ತಡವಾಗಲಿ ಒತ್ತುಗೆರೆಯಾಗಲಿ ಯಾವ ತಜ್ಞರಿಗೂ ಸಿಗುವುದಿಲ್ಲ. ಸೆಲ್ಲೊಟೇಪು ಕೆಲವೇ ವರ್ಷದಲ್ಲಿ ಕಂದು ಕಲೆಯಾಗುತ್ತದೆ. ಪಿನ್ನು, ಸ್ಟೇಪ್ಲರ್ ತಂತಿ ತುಕ್ಕು ಹಿಡಿಯುತ್ತವೆ. ನಮ್ಮ ಸೀಮೆಯ ಬೇಸಿಗೆಯ ಒಣ ಬಿಸಿಗೆ ಹಳೆಯ ಕಾಗದ ಹಪ್ಪಳವಾಗುತ್ತದೆ, ಮಡಿಕೆಯಲ್ಲೇ ಮುರಿಯುತ್ತದೆ. ಆದ್ದರಿಂದ ಮಡಚದೆ ಚಪ್ಪಟೆಯಾಗಿ, ಆಮ್ಲರಹಿತ ಕಾಗದದ ಹಾಳೆಗಳ ನಡುವೆ, ತಗಡಿನ ಮನೆಯ ಅಟ್ಟದಲ್ಲಲ್ಲದೆ ಒಳಕೋಣೆಯ ಬೀರುವಿನಲ್ಲಿ ಇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ಬೆಳ್ಳಿಮೀನು ಹುಳು, ಬೂಷ್ಟು ನೋಡಿ, ನೆರಳಿನಲ್ಲಿ ಗಾಳಿಗೆ ಆಡಿಸಿ. ಗೋಡೆಗೆ ಹಾಕುವುದಿದ್ದರೆ ಸ್ಕ್ಯಾನಿನ ಪ್ರತಿ ಹಾಕಿ.

ವಿಷಯ ಕೋರ್ಟಿಗೆ ಹೋಗುವುದಾದರೆ

ನಿಮ್ಮ ಪರಿಶೀಲನೆ ಮನೆಯ ಸಮಾಧಾನಕ್ಕೆ, ವಕೀಲರೊಂದಿಗೆ ಮಾತಾಡಲು ಸಾಕು, ಸಾಕ್ಷ್ಯವಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ತಜ್ಞರ ಅಭಿಪ್ರಾಯಕ್ಕೆ ಅವಕಾಶ ಕೊಡುತ್ತದೆ. 41ನೇ ಕಲಮಿನ ಪ್ರಕಾರ ಆ ಕೈಬರಹದ ಪರಿಚಯ ಇರುವವರೂ, ಅಂದರೆ ಅವರು ಬರೆಯುವುದನ್ನು ಕಂಡವರು, ಅವರೊಂದಿಗೆ ಪತ್ರವ್ಯವಹಾರ ಇದ್ದವರು, ಅಭಿಪ್ರಾಯ ಹೇಳಬಹುದು. 72ನೇ ಕಲಮಿನಲ್ಲಿ ನ್ಯಾಯಾಲಯವೇ ಒಪ್ಪಿತ ಸಹಿಯ ಜೊತೆ ಹೋಲಿಸಬಹುದು, ಎದುರಿಗೇ ಬರೆಸಿಯೂ ನೋಡಬಹುದು. ಹಳೆಯ ಕಾಯ್ದೆಯಲ್ಲಿ ಇವು ಕ್ರಮವಾಗಿ 45, 47, 73 ಆಗಿದ್ದವು.

ಮೂಲ ಕಾಗದವನ್ನು ಯಾರ ಕೈಗೂ ಬರೀ ಬಾಯಿಮಾತಿನ ಮೇಲೆ ಕೊಡಬೇಡಿ. ಎರಡೂ ಬದಿ ಸ್ಕ್ಯಾನ್ ಮಾಡಿ, ಕೊಟ್ಟ ತಾರೀಖು ಬರೆದು, ಪಡೆದವರ ಸಹಿ ಹಾಕಿಸಿಕೊಂಡು ಕೊಡಿ. ಪರೀಕ್ಷೆಗೆ ಹೋಗುವ ಕಾಗದದ ಮೇಲೆ ಬಾಣದ ಗುರುತು, ಅಡಿಗೆರೆ, ಹೊಸ ಮಡಿಕೆ, ತೂತು ಯಾವುದೂ ಇರಬಾರದು. ಲಕೋಟೆಯ ಮೇಲೆ ವಿವರ ಬರೆಯುವುದನ್ನು ಕಾಗದ ಒಳಗಿಡುವ ಮೊದಲೇ ಮುಗಿಸಿ. ಒಳಗಿಟ್ಟ ಮೇಲೆ ಬರೆದರೆ ಆ ಒತ್ತುಗೆರೆಗಳು ಒಳಗಿನ ಸಹಿಯ ಮೇಲೆ ಮೂಡುತ್ತವೆ.